ಟ್ಯೂಬಿಲ್ಲದ ಬೈಸಿಕಲ್ ಚಕ್ರ

ಬೈಸಿಕಲ್ ರಿಪೇರಿಯ ಅಂಗಡಿಯ ಮುಂದೆ ನಿಂತು ಪಂಕ್ಚರು ಹಾಕುವುದನ್ನು ನೋಡದ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಟೈರಿನೊಳಗಿಂದ ಟ್ಯೂಬನ್ನು ಎಳೆದು, ಅದಕ್ಕೆ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಸ್ವಲ್ಪಸ್ವಲ್ಪವಾಗಿ ಅದ್ದುತ್ತ ಬಂದರೆ ಒಂದೆಡೆ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದನೆಂದು ಅರ್ಥ. ಉಪ್ಪುಕಾಗದದಿಂದ ತಿಕ್ಕಿ, ಸೊಲ್ಯೂಷನ್ ಸವರಿ, ತೇಪೆ ಅಂಟಿಸಿದರೆ ಕೆಲಸ ಮುಗಿಯಿತು. ಈ ನೋಟವನ್ನು ಮತ್ತೆಮತ್ತೆ ಕಂಡ ನಾವು ಕೆಲಸದ ಹಂಚಿಕೆಯೊಂದನ್ನು ವಿಚಾರ ಮಾಡದೆಯೇ ಒಪ್ಪಿಕೊಂಡುಬಿಟ್ಟಿರುತ್ತೇವೆ: ಗಾಳಿಯನ್ನು ಹಿಡಿದಿಡುವುದು ಟ್ಯೂಬಿನ ಪಾಲಿಗೆ, ನೆಲದೊಡನೆ ಉಜ್ಜಾಡುವುದು ಟೈರಿನ ಪಾಲಿಗೆ, ಇವೆರಡನ್ನೂ ಹೊತ್ತು ತಿರುಗುವುದು ರಿಮ್ಮಿನ ಪಾಲಿಗೆ.

ಟ್ಯೂಬನ್ನು ತೆಗೆದುಹಾಕಿ ಬರಿಯ ಟೈರು ಮತ್ತು ರಿಮ್ಮುಗಳ ನಡುವೆಯೇ ಗಾಳಿಯನ್ನು ನಿಲ್ಲಿಸಲು ಸಾಧ್ಯವೆ? ಸಾಧ್ಯ. ಕಾರುಗಳಲ್ಲಿ ಇದು ಹಳೆಯ ಸಂಗತಿ; ಬೆಟ್ಟಗುಡ್ಡಗಳ ಕಾಲುದಾರಿಯಲ್ಲಿ ಓಡಿಸುವ ಮೌಂಟನ್ ಬೈಕುಗಳಲ್ಲಿಯೂ ಈಗ ರೂಢಿಗೆ ಬಂದಿದೆ. ಟ್ಯೂಬಿನೊಡನೆ ಮಾರಾಟವಾದ ಚಕ್ರವನ್ನು ಕೂಡ ಮನೆಯಲ್ಲಿಯೇ ಹಾಗೆ ಮಾರ್ಪಡಿಸಬಹುದು. ಆದರೆ ಅದಕ್ಕೆ ಮುನ್ನ ಒಂದು ಪ್ರಶ್ನೆಗೆ ಉತ್ತರ ತಿಳಿದಿರಬೇಕು. ಟ್ಯೂಬು ಒಂದೇ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಯಾರು ಮಾಡಬೇಕು? ಇದನ್ನು ಬಲ್ಲವನಿಗೆ ಮಾರ್ಪಾಟು ಒಂದು ಮಧ್ಯಾಹ್ನದ ಕೆಲಸ. ಅರಿಯದವನು ಟೈರು ಸಿಡಿದು ಬೆರಳಿಗೋ ಕಣ್ಣಿಗೋ ಪೆಟ್ಟು ಮಾಡಿಕೊಂಡಾನು. ಅದು ತಪ್ಪಿದರೂ ಇಳಿಜಾರಿನ ತಿರುವಿನಲ್ಲಿ ಗಾಳಿ ಕಳೆದುಕೊಂಡು ಬಿದ್ದಾನು.

ಗಾಳಿ ತುಂಬಿದ ಚಕ್ರಕ್ಕೆ ಮೊದಲು ಪೇಟೆಂಟು ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಬಳಕೆಗೆ ಬರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮಾಡಿದ ಪ್ರಯೋಗದಿಂದ ಅದೇ ವಿಚಾರವನ್ನು ಮತ್ತೆ ಕಂಡುಕೊಂಡು ಪೇಟೆಂಟು ಪಡೆದನು. ಟ್ಯೂಬಿಲ್ಲದ ಕಾರಿನ ಟೈರು ಬಂದುದು ಬಹುಕಾಲದ ಮೇಲೆ. ಅಮೆರಿಕದ ಆಕ್ರನ್ ನಗರದ ಗುಡ್‌ರಿಚ್ ಕಂಪನಿ ಅದನ್ನು 1947ರಲ್ಲಿ ಪ್ರಕಟಿಸಿತು. ಅಲ್ಲಿನ ಎಂಜಿನಿಯರ್ ಫ್ರಾಂಕ್ ಹರ್ಜೆಗ್‌ಗೆ 1952ರಲ್ಲಿ ಪೇಟೆಂಟು ದೊರೆಯಿತು. 1955ರ ಹೊತ್ತಿಗೆ ಆ ದೇಶದ ಹೊಸ ಕಾರುಗಳಲ್ಲಿ ಅದು ಸಾಮಾನ್ಯವಾಗಿತ್ತು.

ಕಾರಿಗೆ ಸಾಧ್ಯವಾದುದು ಬೈಸಿಕಲ್ಲಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತೇಕೆ? ಉತ್ತರ ನಮ್ಮ ಬೀದಿಯಲ್ಲಿಯೇ ಇದೆ. ಮೋಟಾರ್ ಸೈಕಲ್ಲುಗಳನ್ನು ಗಮನಿಸಿ: ಎರಕದ ಅಲಾಯ್ ಚಕ್ರವುಳ್ಳವುಗಳಿಗೆ ಸಾಮಾನ್ಯವಾಗಿ ಟ್ಯೂಬಿಲ್ಲ, ತಂತಿಯ ಸ್ಪೋಕುಗಳುಳ್ಳವುಗಳಿಗೆ ಬಹುಮಟ್ಟಿಗೆ ಟ್ಯೂಬಿದೆ. ಸ್ಪೋಕಿನ ಚಕ್ರದ ರಿಮ್ಮಿನಲ್ಲಿ ಒಂದೊಂದು ಸ್ಪೋಕಿಗೂ ಒಂದೊಂದು ರಂಧ್ರವಿರುವುದಷ್ಟೆ. ಬೈಸಿಕಲ್ಲಿನ ರಿಮ್ಮಿಗೆ ಇಂಥವು 28 ಅಥವಾ 32, ಜೊತೆಗೆ ವಾಲ್ವಿನದೊಂದು. ಜರಡಿಯಲ್ಲಿ ನೀರು ನಿಲ್ಲಿಸಿದಂತೆಯೇ ಅದರಲ್ಲಿ ಗಾಳಿ ನಿಲ್ಲಿಸುವುದು.

ಬೆಟ್ಟದ ಸವಾರನ ಕಷ್ಟ

ಹೀಗಿದ್ದೂ ಆ ಗೋಜಿಗೆ ಏಕೆ ಹೋಗಬೇಕೆಂದು ವಾಚಕರು ಕೇಳಬಹುದು. ನುಣುಪಾದ ರಸ್ತೆಯಲ್ಲಿ ಕಾಲೇಜಿಗೆ ಹೋಗಿಬರುವವನಿಗೆ ಇದು ಅನಗತ್ಯವೆಂದೇ ನನ್ನ ಅಭಿಪ್ರಾಯ. ಬೆಟ್ಟದ ಸವಾರನ ಕಥೆ ಬೇರೆ.

ಈ ಕ್ರೀಡೆ ಬೆಳೆದುದು ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು, 1930–40ರ ಕಾಲದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿತಂದು ಮಣ್ಣಿನ ಇಳಿಜಾರುಗಳಲ್ಲಿ ಓಡಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲಿನ ಒಂದು ಕಡಿದಾದ ಹಾದಿಯಲ್ಲಿ ಮೊದಲ ಪಂದ್ಯ ನಡೆಯಿತು. ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಬದಿಯ ಬ್ರೇಕಿನ ಗುಂಬವು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿದ್ದುದರಿಂದ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆ ಮರುತುಂಬುವಿಕೆಯೇ ಹಾದಿಯ ಹೆಸರಾಯಿತು. ಗ್ಯಾರಿ ಫಿಷರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಮೊದಲಾದವರ ಹೆಸರುಗಳು ಈ ಕಾಲಕ್ಕೆ ಸೇರಿದವು.

ಕಲ್ಲುಬೇರುಗಳ ಹಾದಿಯಲ್ಲಿ ಸವಾರನಿಗೆ ಬೇಕಾದುದು ಮೆತ್ತನೆಯ ಟೈರು. ಒತ್ತಡವೆಂದರೆ ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲವೆಂದು ಭೌತವಿಜ್ಞಾನದ ಮೊದಲ ಪಾಠಗಳಲ್ಲಿಯೇ ಕಲಿತಿದ್ದೇವೆ. ಹಿಂಬದಿಯ ಚಕ್ರದ ಮೇಲೆ 50 ಕಿಲೋಗ್ರಾಂ ಭಾರ ಬಿದ್ದಿದೆಯೆಂದಿಟ್ಟುಕೊಳ್ಳೋಣ. ಟೈರಿನೊಳಗೆ ಚದರ ಸೆಂಟಿಮೀಟರಿಗೆ 2.5 ಕಿಲೋಗ್ರಾಂ, ಅಂದರೆ ಅಂಗಡಿಯವರ ಲೆಕ್ಕದಲ್ಲಿ ಸುಮಾರು 35 ಪೌಂಡು ಒತ್ತಡವಿದ್ದರೆ, ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ 20 ಚದರ ಸೆಂಟಿಮೀಟರು. ಒತ್ತಡವನ್ನು 1.6 ಕಿಲೋಗ್ರಾಂಗೆ, ಸುಮಾರು 23 ಪೌಂಡಿಗೆ, ಇಳಿಸಿದರೆ ಅದು 31 ಚದರ ಸೆಂಟಿಮೀಟರಾಗುತ್ತದೆ. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಈ ಲೆಕ್ಕ ಅಂದಾಜಿನದು. ಆದರೆ ದಿಕ್ಕು ಸರಿಯಾಗಿದೆ. ಹೀಗೆ ಮೆತ್ತಗಾದ ಟೈರು ಕಲ್ಲಿನ ಮೇಲೆ ಹಾಯುವಾಗ ಕಲ್ಲನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಗಟ್ಟಿ ಟೈರಾದರೋ ಸೈಕಲ್ಲನ್ನೂ ಸವಾರನನ್ನೂ ಒಟ್ಟಾಗಿ ಮೇಲೆತ್ತಿ ಕೆಡಹುತ್ತದೆ. ಪ್ರತಿ ಸಲ ಹಾಗೆ ಎತ್ತುವ ಶಕ್ತಿ ತುಳಿಯುವವನ ಕಾಲಿನಿಂದಲೇ ಬರಬೇಕು. ಒರಟು ನೆಲದಲ್ಲಿ ಮೆತ್ತನೆಯ ಟೈರೇ ವೇಗವಾಗಿ ಓಡುವುದೆಂಬ ವಿಚಿತ್ರ ಸಂಗತಿಗೆ ಇದೇ ಕಾರಣ.

ಒತ್ತಡವನ್ನು ಇಳಿಸಬಿಡದೆ ಅಡ್ಡ ನಿಲ್ಲುವುದು ಟ್ಯೂಬು. ಮೆತ್ತನೆಯ ಟೈರು ಚೂಪು ಕಲ್ಲಿಗೆ ಬಡಿದಾಗ ಪೂರ್ತಿ ಕುಗ್ಗಿ, ನಡುವೆ ಇರುವ ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ಮಧ್ಯೆ ಸಿಕ್ಕಿ ಜಜ್ಜಿಹೋಗುತ್ತದೆ. ಬಿಚ್ಚಿ ನೋಡಿದರೆ ಅಕ್ಕಪಕ್ಕದಲ್ಲಿ ಎರಡು ಸೀಳುಗಳು, ಹಾವು ಕಚ್ಚಿದ ಗುರುತಿನಂತೆ. ಮುಳ್ಳಿಲ್ಲದೆಯೇ ಆದ ಪಂಕ್ಚರು ಇದು. ಟ್ಯೂಬನ್ನೇ ತೆಗೆದರೆ ಜಜ್ಜಿಹೋಗಲು ಅಲ್ಲಿ ಏನೂ ಇಲ್ಲ. ಟ್ಯೂಬಿಲ್ಲದ ಚಕ್ರದ ನಿಜವಾದ ಲಾಭ ಇಷ್ಟೇ. ತೂಕ ಬಹಳ ಕಡಿಮೆಯಾಗುತ್ತದೆಂದು ಹೊಗಳುವುದುಂಟು, ಅದು ಅಷ್ಟಕ್ಕಷ್ಟೆ. 29 ಇಂಚಿನ ಚಕ್ರದ ಒಂದು ಟ್ಯೂಬು ಸುಮಾರು 200 ಗ್ರಾಂ ತೂಗಿದರೆ, ಅದರ ಬದಲಿಗೆ ಹಾಕುವ ದ್ರವ, ಪಟ್ಟಿ, ವಾಲ್ವು ಸೇರಿ ನೂರು ಗ್ರಾಂ ದಾಟುತ್ತವೆ.

1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ, ಟೈರು ತಯಾರಕರಾದ ಮಿಶೆಲಿನ್ ಮತ್ತು ಹಚಿನ್‌ಸನ್ ಕಂಪನಿಗಳೊಡನೆ ಕೂಡಿ, ಯು.ಎಸ್.ಟಿ. ಎಂಬ ವ್ಯವಸ್ಥೆಯನ್ನು ಹೊರತಂದಿತು. ಅದರ ರಿಮ್ಮಿನ ಹೊರಮೈಯಲ್ಲಿ ಸ್ಪೋಕಿನ ರಂಧ್ರಗಳೇ ಇರಲಿಲ್ಲ. ಟೈರಿನ ಒಳಮೈಗೆ ಗಾಳಿ ಸೋರದ ರಬ್ಬರಿನ ಪದರವಿತ್ತು. ಅಚ್ಚುಕಟ್ಟಾದ ಪರಿಹಾರ, ಆದರೆ ಟೈರು ಭಾರ, ರಿಮ್ಮು ದುಬಾರಿ. 2000ದ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ ಕೊಜಿಯಾಟೆಕ್ ಇನ್ನೊಂದು ದಾರಿಯನ್ನು ಜನಪ್ರಿಯಗೊಳಿಸಿದನು: ರಿಮ್ಮು ಸಾಮಾನ್ಯವಾದುದೇ ಇರಲಿ, ರಂಧ್ರಗಳನ್ನು ಪಟ್ಟಿಯಿಂದ ಮುಚ್ಚೋಣ; ಟೈರು ಹಗುರವಾದುದೇ ಇರಲಿ, ಅದರ ಸಣ್ಣ ಸೋರಿಕೆಗಳನ್ನು ಒಳಗೆ ಸುರಿದ ಒಂದು ದ್ರವವೇ ಮುಚ್ಚಲಿ. ಮನೆಯಲ್ಲಿ ಮಾಡುವ ಮಾರ್ಪಾಟು ಈ ದಾರಿಯದು.

ಗಾಯ ಮುಚ್ಚುವ ಹಾಲು

ಆ ದ್ರವಕ್ಕೆ ಸೀಲೆಂಟ್ ಎಂದು ಹೆಸರು. ಬಹುಪಾಲು ಸೀಲೆಂಟುಗಳ ಮುಖ್ಯ ವಸ್ತು ರಬ್ಬರಿನ ಮರದ ಹಾಲು. ಸುಳ್ಯ, ಪುತ್ತೂರುಗಳ ಕಡೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಬಿಳಿಯ ಹಾಲು ಬಟ್ಟಲಿಗೆ ಇಳಿಯುತ್ತದೆ. ಕೆಲವು ಗಂಟೆಗಳಲ್ಲಿ ಗಾಯದ ಬಾಯಲ್ಲಿ ಹೆಪ್ಪುಗಟ್ಟಿ ತಾನಾಗಿ ನಿಲ್ಲುತ್ತದೆ. ಮುಂದಿನ ಸಲ ಆ ಒಣಗಿದ ಎಳೆಯನ್ನು ಕಿತ್ತು ಹೊಸದಾಗಿ ಕೆತ್ತುತ್ತಾರೆ. ಮರವು ತನ್ನ ಗಾಯವನ್ನು ಮುಚ್ಚಿಕೊಳ್ಳುವ ಈ ಉಪಾಯವನ್ನೇ ನಾವು ಟೈರಿಗೆ ಎರವಲು ತಂದಿದ್ದೇವೆ.

ಈ ಹಾಲಿನಲ್ಲಿ ರಬ್ಬರಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಅವುಗಳ ಮೇಲೆಲ್ಲ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ಬಿಡಿಯಾಗಿಯೇ ಉಳಿಯುತ್ತವೆ. ಹಾಲು ಹುಳಿಯಾದರೆ ಈ ವಿದ್ಯುದಂಶ ಅಳಿದು ಕಣಗಳು ಕೂಡಿಕೊಳ್ಳುತ್ತವೆ. ತೋಟದಲ್ಲಿ ಫಾರ್ಮಿಕ್ ಆಮ್ಲ ಬೆರೆಸಿ ರಬ್ಬರಿನ ಹಾಳೆ ಮಾಡುವುದು ಹೀಗೆಯೇ. ಹಾಲು ಹಾಲಾಗಿಯೇ ಉಳಿಯಬೇಕಾದರೆ ಕ್ಷಾರವಾದ ಅಮೋನಿಯ ಬೆರೆಸುತ್ತಾರೆ. ಸೀಲೆಂಟಿನ ಬಾಟಲಿ ತೆರೆದೊಡನೆ ಮೂಗಿಗೆ ಹೊಡೆಯುವ ವಾಸನೆ ಸಾಮಾನ್ಯವಾಗಿ ಅದರದೇ. ಟೈರಿಗೆ ಮುಳ್ಳು ಚುಚ್ಚಿತೆನ್ನಿ. ಹೊರಗೆ ನುಗ್ಗುವ ಗಾಳಿ ದ್ರವವನ್ನೂ ರಂಧ್ರಕ್ಕೆ ಎಳೆದೊಯ್ಯುತ್ತದೆ. ದ್ರವದಲ್ಲಿ ಬೆರೆಸಿರುವ ಪುಡಿಯ ಕಣಗಳು ರಂಧ್ರದ ಬಾಯಲ್ಲಿ ಸಿಕ್ಕಿಕೊಂಡು ಒಡ್ಡು ಕಟ್ಟುತ್ತವೆ. ಆ ಇಕ್ಕಟ್ಟಿನಲ್ಲಿ ಉಜ್ಜಾಟಕ್ಕೆ ಒಳಗಾಗಿ, ನೀರು ಆರಿ, ರಬ್ಬರಿನ ಕಣಗಳು ಕೂಡಿ ಬಿರಡೆಯಾಗುತ್ತವೆ. ಸಣ್ಣ ರಂಧ್ರವಾದರೆ ಚಕ್ರ ಕೆಲವು ಸುತ್ತು ತಿರುಗುವಷ್ಟರಲ್ಲಿ ಇದೆಲ್ಲ ಮುಗಿದು, ಸವಾರನಿಗೆ ಪಂಕ್ಚರಾದುದೇ ತಿಳಿಯುವುದಿಲ್ಲ. ಮೂರು ನಾಲ್ಕು ಮಿಲಿಮೀಟರಿಗಿಂತ ದೊಡ್ಡ ಸೀಳಾದರೆ ದ್ರವ ಸೋಲಬಹುದು. ಆಗ ಮೋಟಾರ್ ಸೈಕಲ್ಲಿನ ಪಂಕ್ಚರಿನಲ್ಲಿ ಮಾಡುವಂತೆ ಜಿಗುಟಾದ ರಬ್ಬರು ಬತ್ತಿಯನ್ನು ಹೊರಗಿನಿಂದ ತುರುಕಬೇಕು.

ಮಾರ್ಪಾಟಿನ ಕ್ರಮ

ಕೈಹಾಕುವ ಮುನ್ನ ರಿಮ್ಮನ್ನು ಪರೀಕ್ಷಿಸಬೇಕು. ಅದನ್ನು ಅಡ್ಡಲಾಗಿ ಕೊಯ್ದಂತೆ ಕಲ್ಪಿಸಿಕೊಂಡರೆ, ನಡುವೆ ಒಂದು ಹಳ್ಳ, ಅದರ ಎರಡು ಪಕ್ಕಗಳಲ್ಲಿ ಜಗಲಿಯಂಥ ಎರಡು ಮಟ್ಟಸ ಅಂಚುಗಳು, ಅವುಗಳಾಚೆಗೆ ಎರಡು ಗೋಡೆಗಳು. ಟೈರಿನ ಅಂಚಿನಲ್ಲಿ ಬಳೆಯಂತೆ ಸುತ್ತುವರಿದಿರುವ ಗಟ್ಟಿ ಭಾಗಕ್ಕೆ ಬೀಡ್ ಎನ್ನುತ್ತಾರೆ. ಈ ಬೀಡು ಜಗಲಿಯ ಮೇಲೆ ಬಿಗಿಯಾಗಿ ಕುಳಿತು ಗೋಡೆಗೆ ಒತ್ತಿಕೊಂಡರೆ ಅಲ್ಲಿ ಗಾಳಿ ಸೋರದು. ಜಗಲಿಯೇ ಇಲ್ಲದ ಹಳೆಯ ರಿಮ್ಮು, ಊರ ಸೈಕಲ್ಲಿನ ಒಂಟಿ ಪದರದ ಉಕ್ಕಿನ ರಿಮ್ಮು ಈ ಕೆಲಸಕ್ಕೆ ಒದಗುವುದಿಲ್ಲ. ಟೈರೂ ಅಷ್ಟೆ. ಟ್ಯೂಬಿಲ್ಲದೆ ಬಳಸಲು ತಕ್ಕುದೆಂದು ತಯಾರಕರು ನಮೂದಿಸಿರುವ, ಹಿಗ್ಗದ ಬೀಡಿನ ಟೈರೇ ಬೇಕು. ಅಳತೆಗಳೂ ಹೊಂದಬೇಕು: ಟೈರಿನ ಪಕ್ಕದಲ್ಲಿ 57–622 ಎಂದಿದ್ದರೆ 57 ಅದರ ಅಗಲ, 622 ಬೀಡು ಕೂರುವ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. 29 ಇಂಚು ಎಂದು ಮಾರುವ ಚಕ್ರ ಇದೇ. 26 ಇಂಚಿನದು 559, 27.5 ಇಂಚಿನದು 584.

ಟೈರು, ಟ್ಯೂಬು, ಒಳಗಿನ ಹಳೆಯ ಪಟ್ಟಿ ಎಲ್ಲವನ್ನೂ ತೆಗೆದು ರಿಮ್ಮಿನ ಒಳಮೈಯನ್ನು ಸ್ಪಿರಿಟ್ಟಿನಿಂದ ಒರಸಿ ಒಣಗಿಸಬೇಕು. ಎಣ್ಣೆಯ ಜಿಡ್ಡಿನ ಮೇಲೆ ಅಂಟು ಹಿಡಿಯದು. ಇದಕ್ಕಾಗಿಯೇ ಮಾರುವ ಜಿಗುಟು ಪಟ್ಟಿಯೊಂದಿದೆ. ಅದು ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಅಗಲವಿರಬೇಕು. ವಾಲ್ವಿನ ರಂಧ್ರಕ್ಕೆ ಒಂದು ಗೇಣು ಈಚೆಯಿಂದ ಆರಂಭಿಸಿ, ಬಲವಾಗಿ ಎಳೆಯುತ್ತ, ಹೆಬ್ಬೆರಳಿನಿಂದ ಹಳ್ಳದೊಳಕ್ಕೆ ಒತ್ತುತ್ತ ಸುತ್ತಿ, ರಂಧ್ರವನ್ನು ದಾಟಿ ಇನ್ನೊಂದು ಗೇಣು ಮುಂದೆ ಮುಗಿಸಬೇಕು. ಇಡೀ ಕೆಲಸದಲ್ಲಿ ಆತುರ ಪಡಬಾರದ ಘಟ್ಟ ಇದೇ. ಮೊದಲ ಸಲ ನಾನು ಪಟ್ಟಿಯ ಕೆಳಗೆ ಉಳಿದ ಒಂದು ಸುಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಳಗಾಗುವಷ್ಟರಲ್ಲಿ ಟೈರು ಚಪ್ಪಟೆಯಾಗಿ, ಸುಕ್ಕಿಗೆ ಎದುರು ದಿಕ್ಕಿನಲ್ಲಿದ್ದ ಸ್ಪೋಕಿನ ಬುಡದಿಂದ ಬಿಳಿಯ ಹಾಲು ತೊಟ್ಟಿಕ್ಕುತ್ತಿತ್ತು. ಸುಕ್ಕಿನ ಮೂಲಕ ಟೊಳ್ಳಾದ ರಿಮ್ಮಿನೊಳಕ್ಕೆ ನುಗ್ಗಿದ ದ್ರವ ಅಲ್ಲಿಯೇ ಹೊರಬರಬೇಕೆಂಬ ನಿಯಮವಿಲ್ಲ! ಹೀಗಾಗಿ ಸೋರುವ ಜಾಗವನ್ನು ನೋಡಿ ತಪ್ಪಿನ ಜಾಗವನ್ನು ಊಹಿಸಲಾಗದು. ಪಟ್ಟಿಯನ್ನೆಲ್ಲ ಕಿತ್ತು ಮತ್ತೆ ಸುತ್ತುವುದೊಂದೇ ದಾರಿ. ಪಟ್ಟಿ ಸುತ್ತಿದ ಮೇಲೆ ಹಳೆಯ ಟ್ಯೂಬನ್ನೇ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟರೆ ಅದು ಎಲ್ಲೆಡೆಯೂ ಸಮನಾಗಿ ಒತ್ತಿ ಅಂಟಿಸುತ್ತದೆ.

ಟ್ಯೂಬು ತೆಗೆಯುವಾಗ ಟೈರಿನ ಒಂದು ಪಕ್ಕವನ್ನು ಮಾತ್ರ ಬಿಡಿಸಿ, ಇನ್ನೊಂದು ಪಕ್ಕ ಜಗಲಿಯ ಮೇಲೆ ಕುಳಿತೇ ಇರಲಿ. ಅರ್ಧ ಕೆಲಸ ಉಳಿಯಿತು. ವಾಲ್ವಿನ ರಂಧ್ರದ ಮೇಲಿನ ಪಟ್ಟಿಯನ್ನು ದಬ್ಬಳದಿಂದ ದುಂಡಗೆ ಚುಚ್ಚಬೇಕು. ಚಾಕುವಿನಿಂದ ಸೀಳಿದರೆ ಸೀಳು ಬೆಳೆಯುತ್ತದೆ. ಬುಡದಲ್ಲಿ ರಬ್ಬರಿನ ಗೊಂಡೆಯುಳ್ಳ, ಒಳಗಿನ ತಿರುಳನ್ನು ಬಿಚ್ಚಬಹುದಾದ ವಾಲ್ವನ್ನು ತೂರಿಸಿ, ಹೊರಗಿನಿಂದ ನಟ್ಟನ್ನು ಕೈಯಿಂದಲೇ ಬಿಗಿ ಮಾಡಬೇಕು. ಅನಂತರ ಟೈರಿನ ಬಿಟ್ಟ ಪಕ್ಕವನ್ನು ವಾಲ್ವಿನ ಎದುರು ದಿಕ್ಕಿನಿಂದ ಆರಂಭಿಸಿ ಏರಿಸುತ್ತ ಬಂದು ವಾಲ್ವಿನ ಬಳಿ ಮುಗಿಸಬೇಕು. ಬೀಡು ಹಳ್ಳಕ್ಕೆ ಇಳಿದಷ್ಟೂ ಟೈರು ಸಡಿಲವಾಗುತ್ತದೆ. ವಾಲ್ವು ಇರುವ ಕಡೆ ಹಳ್ಳಕ್ಕೆ ಇಳಿಯಲು ಜಾಗವಿಲ್ಲದ್ದರಿಂದ ಆ ಭಾಗವನ್ನು ಕೊನೆಗೆ ಇಟ್ಟುಕೊಳ್ಳುವುದು. ಕಬ್ಬಿಣದ ಲಿವರ್ ಬಳಸಿದರೆ ಪಟ್ಟಿ ಹರಿದೀತು, ಕೈಯೇ ಸಾಕು.

ಈಗ ಗಾಳಿ. ಸಡಿಲವಾಗಿ ಕುಳಿತ ಬೀಡಿನ ಸುತ್ತಲೂ ಸಂದಿಯಿದೆ. ಮೆಲ್ಲಗೆ ಪಂಪು ಹೊಡೆದರೆ ಒಳಗೆ ಹೋದಷ್ಟೂ ಹೊರಗೆ ಬರುತ್ತದೆ. ಸೋರುವ ವೇಗಕ್ಕಿಂತ ತುಂಬುವ ವೇಗ ಹೆಚ್ಚಾದಾಗ ಮಾತ್ರ ಒತ್ತಡ ಏರಿ ಬೀಡನ್ನು ಜಗಲಿಯತ್ತ ತಳ್ಳುತ್ತದೆ, ಸಂದಿ ಕಿರಿದಾಗುತ್ತದೆ, ಒತ್ತಡ ಇನ್ನೂ ಏರುತ್ತದೆ. ಆದುದರಿಂದ ವಾಲ್ವಿನ ತಿರುಳನ್ನು ತೆಗೆದು ದಾರಿಯನ್ನು ಅಗಲ ಮಾಡಿ, ಬೀಡಿಗೆ ಸೋಪಿನ ನೀರು ಸವರಿ, ನಿಂತು ಹೊಡೆಯುವ ದೊಡ್ಡ ಪಂಪಿನಿಂದ ಬಿಡುವಿಲ್ಲದೆ ಹೊಡೆಯಬೇಕು. ಬೀಡು ‘ಟಪ್’ ಎಂಬ ಸದ್ದಿನೊಡನೆ ಜಗಲಿ ಏರುತ್ತದೆ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಹತ್ತಿರವಾಗಿ ಅಚ್ಚೊತ್ತಿದ ಗೆರೆಯೊಂದಿರುತ್ತದೆ. ಅದು ರಿಮ್ಮಿನಿಂದ ಸುತ್ತಲೂ ಸಮದೂರದಲ್ಲಿ ಕಂಡರೆ ಸರಿಯಾಗಿ ಕುಳಿತಿದೆಯೆಂದು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೀಡು ಏರದಿದ್ದಾಗ ಒತ್ತಡವನ್ನು ಇನ್ನಷ್ಟು, ಮತ್ತಷ್ಟು ಏರಿಸುವ ಆಸೆ ಹುಟ್ಟುತ್ತದೆ. ರಸ್ತೆಯ ಪಂದ್ಯದ ಸಣ್ಣ ಟೈರುಗಳಲ್ಲಿ 100 ಪೌಂಡು ಹಾಕುವುದಿಲ್ಲವೆ, ಇದಕ್ಕೆ 60 ಹಾಕಿದರೇನು ಎಂಬ ವಾದವನ್ನೂ ಕೇಳಿದ್ದೇನೆ. ವಾದ ತಪ್ಪು. ಟೈರಿನ ಗೋಡೆ ಬೀಡನ್ನು ಎಳೆಯುವ ಬಲ ಒತ್ತಡವೊಂದನ್ನೇ ಅವಲಂಬಿಸಿಲ್ಲ; ಒತ್ತಡವನ್ನು ಟೈರಿನ ಅರ್ಧ ಅಗಲದಿಂದ ಗುಣಿಸಿದಷ್ಟು ಅದು. 23 ಮಿಲಿಮೀಟರ್ ಅಗಲದ ರಸ್ತೆಯ ಟೈರಿನಲ್ಲಿ 7 ಕಿಲೋಗ್ರಾಂ ಒತ್ತಡವಿದ್ದರೆ, ಒಂದೊಂದು ಸೆಂಟಿಮೀಟರ್ ಉದ್ದಕ್ಕೆ ಎಳೆತ 1.15 × 7, ಅಂದರೆ ಸುಮಾರು 8 ಕಿಲೋಗ್ರಾಂ. 57 ಮಿಲಿಮೀಟರ್ ಅಗಲದ ಬೆಟ್ಟದ ಟೈರಿನಲ್ಲಿ ಕೇವಲ 3 ಕಿಲೋಗ್ರಾಂ, ಸುಮಾರು 43 ಪೌಂಡು, ಒತ್ತಡಕ್ಕೇ ಎಳೆತ 2.85 × 3, ಅಂದರೆ ಎಂಟೂವರೆ ಕಿಲೋಗ್ರಾಂ! ಕೈಗೆ ಮೆತ್ತಗೆ ಕಾಣುವ ದಪ್ಪ ಟೈರು, ಕಲ್ಲಿನಂತೆ ಬಿಗಿದ ಸಣ್ಣ ಟೈರಿಗಿಂತ ಹೆಚ್ಚು ಬಲದಿಂದ ರಿಮ್ಮನ್ನು ಹರಿಯಲು ನೋಡುತ್ತಿರುತ್ತದೆ. ಆದುದರಿಂದ ರಿಮ್ಮಿನ ಮೇಲೂ ಟೈರಿನ ಮೇಲೂ ನಮೂದಿಸಿರುವ ಗರಿಷ್ಠ ಒತ್ತಡಗಳಲ್ಲಿ ಕಡಿಮೆಯಾದುದನ್ನು ಎಂದೂ ಮೀರಬಾರದು. ಬೀಡು ಏರದಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ, ಕೈಯಿಂದ ಸರಿಪಡಿಸಿ ಮತ್ತೆ ಪ್ರಯತ್ನಿಸಬೇಕು. ಪೆಟ್ರೋಲ್ ಬಂಕಿನ ಕಂಪ್ರೆಸರಿಗೆ ಒತ್ತಡಮಾಪಕವಿಲ್ಲದೆ ಚಕ್ರ ಒಡ್ಡುವುದು ಬೇಡ. ಗಾಳಿ ತುಂಬುವಾಗ ಚಕ್ರದ ಮೇಲೆ ಮುಖ ಬಾಗಿಸುವುದೂ ಬೇಡ.

ಬೀಡು ಕುಳಿತ ಮೇಲೆ ಗಾಳಿಯನ್ನು ಬಿಟ್ಟರೂ ಅದು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲುತ್ತದೆ. ಸೀಲೆಂಟಿನ ಬಾಟಲಿಯನ್ನು ಚೆನ್ನಾಗಿ ಕುಲುಕಿ, ವಾಲ್ವಿನ ಮೂಲಕವೇ ಸುಮಾರು 100 ಮಿಲಿಲೀಟರ್ ಸುರಿದು, ತಿರುಳನ್ನು ಮತ್ತೆ ಸೇರಿಸಿ ಗಾಳಿ ತುಂಬಬೇಕು. ಚಕ್ರವನ್ನು ತಿರುಗಿಸಿ, ಓರೆ ಮಾಡಿ, ಒಂದೊಂದು ಪಕ್ಕಕ್ಕೂ ಬಕೆಟ್ಟಿನ ಬಾಯ ಮೇಲೆ ಸ್ವಲ್ಪ ಹೊತ್ತು ಮಲಗಿಸಿದರೆ ದ್ರವ ಎಲ್ಲ ಮೂಲೆಗೂ ಹರಡುತ್ತದೆ. ಸೋಪಿನ ನೀರಿನ ಗುಳ್ಳೆಗಳು ನಿಂತರೆ ನಾಲ್ಕಾರು ಕಿಲೋಮೀಟರ್ ಓಡಿಸಿ ಬರಬಹುದು.

ಒತ್ತಡ ಇಳಿಸುವುದಕ್ಕೂ ಮಿತಿಯುಂಟು. ತೀರ ಕಡಿಮೆಯಾದರೆ ವೇಗದ ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಿ, ಬೀಡು ಜಗಲಿಯಿಂದ ಕ್ಷಣಕಾಲ ಜಾರಿ, ಬುಸ್ಸೆಂದು ಒಂದಷ್ಟು ಗಾಳಿ ಹೊರಬೀಳುತ್ತದೆ. ಮೊದಲು ಸ್ವಲ್ಪ ಹೆಚ್ಚಿನ ಒತ್ತಡದಿಂದ ಆರಂಭಿಸಿ, ಒಂದೆರಡು ಪೌಂಡಿನಂತೆ ಇಳಿಸುತ್ತ, ತನ್ನ ತೂಕಕ್ಕೂ ಹಾದಿಗೂ ಒಪ್ಪುವುದನ್ನು ಸವಾರನೇ ಕಂಡುಕೊಳ್ಳಬೇಕು. ದ್ರವವು ಒಳಗೆ ನಿಧಾನವಾಗಿ ಒಣಗುತ್ತಲೇ ಇರುತ್ತದೆ. ನಮ್ಮ ಬೇಸಗೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸದಿದ್ದರೆ ಒಳಗೆ ರಬ್ಬರಿನ ಒಣ ಪೊರೆಯಷ್ಟೇ ಉಳಿದು, ಮುಂದಿನ ಮುಳ್ಳಿಗೆ ಟೈರು ಶರಣಾಗುತ್ತದೆ.

ದೂರದ ಸವಾರಿಗೆ ಹೊರಟಾಗ ಚೀಲದಲ್ಲಿ ಒಂದು ಟ್ಯೂಬು ಇರಲೇಬೇಕು. ದೊಡ್ಡ ಸೀಳಾದರೆ ವಾಲ್ವನ್ನು ತೆಗೆದು, ಟ್ಯೂಬು ಹಾಕಿ, ಮನೆ ಸೇರಬಹುದು. ಆದರೆ ಟ್ಯೂಬು ತೂರಿಸುವ ಮುನ್ನ ಟೈರಿನ ಒಳಮೈಯನ್ನು ಮೆಲ್ಲಗೆ ಕೈಯಾಡಿಸಿ ನೋಡಬೇಕು. ಕ್ಯಾಲಿಫೋರ್ನಿಯದ ಸವಾರರು ಹೆದರುವ ಮುಳ್ಳಿನ ಗಿಡವೊಂದಿದೆ. ಅದರ ಇಂಗ್ಲಿಷ್ ಹೆಸರಿಗೆ ಪಂಕ್ಚರು ಬಳ್ಳಿಯೆಂದೇ ಅರ್ಥ. ಅದು ನಮ್ಮ ಹೊಲದ ಬದುಗಳಲ್ಲಿ ಹಬ್ಬುವ ನೆಗ್ಗಿಲು. ಹಳೆಯ ಲೋಕದಿಂದ ಅಲ್ಲಿಗೆ ಹೋಗಿ ನೆಲೆಸಿದುದು. ಬಯಲುಸೀಮೆಯ ದಾರಿಯಲ್ಲಿ ನೆಗ್ಗಿಲು, ಬಳ್ಳಾರಿ ಜಾಲಿ ಎರಡೂ ಕಾದಿರುತ್ತವೆ. ಟ್ಯೂಬಿಲ್ಲದ ಟೈರು ತಿಂಗಳುಗಟ್ಟಲೆ ಒಂದೊಂದಾಗಿ ನುಂಗಿ, ಹಾಲಿನಿಂದ ಗಾಯ ಮುಚ್ಚಿ, ಸವಾರನಿಗೆ ಹೇಳದೆಯೇ ಹೊತ್ತು ತಿರುಗಿದ ಹತ್ತಿಪ್ಪತ್ತು ಮುಳ್ಳುಗಳ ಮೊನೆಗಳು ಒಳಗಡೆ ಸಾಲಾಗಿ ನಿಂತಿರುತ್ತವೆ. ಅವನ್ನೆಲ್ಲ ಹುಡುಕಿ ಕಿತ್ತ ಮೇಲೆಯೇ ಟ್ಯೂಬಿಗೆ ಗಾಳಿ ಹಾಕಬೇಕು.